ತಗಡಕ್ಕ ಬಾಯಿ ಬಿಟ್ಟ ದಿನ

ಆ ಪೆಟ್ರೋಲ್ ಬಂಕಿನಲ್ಲಿ ಬೆಲೆಯ ಹಲಗೆ ಒಂದೇ ಇತ್ತು. ರಸ್ತೆಗೆ ಮುಖ ಮಾಡಿ, ಎರಡಾಳೆತ್ತರದ ಕಂಬದ ಮೇಲೆ, ಎರಡು ಕೊಕ್ಕೆ. ಎಡಗಡೆ ಕೊಕ್ಕೆಗೆ ಒಂದು ಅಂಕಿ, ಬಲಗಡೆಗೆ ಒಂದು ಅಂಕಿ. ಚಿಲ್ಲರೆಗೆ ಅಲ್ಲಿ ಜಾಗವಿರಲಿಲ್ಲ. ಅದನ್ನು ಯಂತ್ರ ತೋರಿಸುತ್ತಿತ್ತು. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಅಂಕಿಗೂ ಎರಡೆರಡು ತಗಡು, ಒಟ್ಟು ಇಪ್ಪತ್ತು. ಎರಡು ಹಲಗೆಯ ಮೇಲಿದ್ದರೆ ಹದಿನೆಂಟು ಮರದ ಪೆಟ್ಟಿಗೆಯಲ್ಲಿ. ಇಪ್ಪತ್ತೊಂದು ವರ್ಷದಲ್ಲಿ ಈ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ, ಯಾಕೆಂದರೆ ಅದನ್ನು ನೋಡಿಕೊಳ್ಳುತ್ತಿದ್ದವಳು ತಗಡಕ್ಕ.

ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ತಗಡಕ್ಕ ಎಂದು ಕರೆದವರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಅವರ ಕಾರಿನ ನೆತ್ತಿಯ ಮೇಲೂ ಒಂದು ತಗಡಿತ್ತು, ಕಲಿಯುವವರಿದ್ದಾರೆ ಹುಷಾರು ಎಂದು ಬರೆದದ್ದು. ನಂದೊಂದು ತಗಡು, ನಿಂದಿಪ್ಪತ್ತು, ಆದ್ದರಿಂದ ಪದವಿ ನಿನಗೇ ಸಲ್ಲಬೇಕು ಅಂದಿದ್ದರು. ಅವಳು ನಕ್ಕಳು. ವರ್ಷ ಕಳೆಯುವುದರೊಳಗೆ ಅವಳ ಒಡಹುಟ್ಟಿದ ತಮ್ಮನೂ ಹಾಗೇ ಕರೆಯತೊಡಗಿದ.

ಅವಳ ಗಂಡ ಅದೇ ಬಂಕಿನಲ್ಲಿ ಪೈಪು ಹಿಡಿಯುತ್ತಿದ್ದವನು. ಅವನು ಕಾಯಿಲೆ ಬಿದ್ದು ಹೋದ ಮೇಲೆ ದೊಡ್ಡ ಮಾಲೀಕರು ಇವಳನ್ನು ಕರೆದು ಕೆಲಸ ಕೊಟ್ಟರು. ಕಸ ಗುಡಿಸುವುದು, ಬೆಳಗ್ಗೆ ನೆಲದಡಿಯ ಎರಡು ಟ್ಯಾಂಕಿಗೂ ಅಳತೆ ಕೋಲು ಇಳಿಸಿ ಅದು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಹೇಳುವುದು, ಹಲಗೆಯ ಅಂಕಿ ಬದಲಿಸುವುದು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೇ. ತನ್ನ ಹೆಸರು ಬರೆಯುವಷ್ಟರಲ್ಲಿ ಬೆವರುತ್ತಿದ್ದಳು. ಅಂಕಿ ಮಾತ್ರ ಗಂಡನಿಂದ ಕಲಿತು ಗಟ್ಟಿ ಮಾಡಿಕೊಂಡಿದ್ದಳು. ಅಳತೆ ಕೋಲಿನ ಗೀರನ್ನು ಕೂದಲೆಳೆಯಷ್ಟೂ ಆಚೀಚೆ ಮಾಡದೆ ಓದುತ್ತಿದ್ದಳು.

ಕೆಲಸ ಕೊಡುವಾಗ ದೊಡ್ಡ ಮಾಲೀಕರು ಒಂದೇ ಕಟ್ಟಳೆ ಹಾಕಿದ್ದರು. ನಾಳೆಯ ಬೆಲೆ ಬಂಕಿಗೆ ಇವತ್ತು ಸಂಜೆಯೇ ತಿಳಿಯುತ್ತದೆ. ಆ ಅಂಕಿಯ ತಗಡನ್ನು ಸಂಜೆಯೇ ಪೆಟ್ಟಿಗೆಯಿಂದ ತೆಗೆದು, ಹಿಂದಿನ ಕೋಣೆಯ ನಲ್ಲಿಯಲ್ಲಿ ತೊಳೆದು, ಬಟ್ಟೆಯ ಮೇಲೆ ಒಣಗಲು ಇಡಬೇಕು. ಬೆಳಗ್ಗೆ ಆರಕ್ಕೆ ಏಣಿ ಹತ್ತಿ ನೇತುಹಾಕಬೇಕು. ಅಲ್ಲಿಯವರೆಗೆ ಮಾತು ಅವಳ ಹೊಟ್ಟೆಯಲ್ಲಿರಬೇಕು, ಗಂಟಲಿಗೆ ಬರಬಾರದು. ಅವಳು ಹೂಂ ಅಂದಿದ್ದಳು. ಅವತ್ತಿನಿಂದ ಯಾರೇ ಕೇಳಲಿ, ನಾಳೆ ಏರುತ್ತಾ ಇಳಿಯುತ್ತಾ ಎಂದರೆ ಅವಳ ಉತ್ತರ ಒಂದೇ: "ನನಗೇನು ಗೊತ್ತಪ್ಪಾ."

ಅವಳಿಗೆ ಗೊತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅವಳ ಮೇಲೆ ಅವರಿಗೆ ಮರ್ಯಾದೆ. ಹಬೆಯಾಡುವ ಚಹಾ ಕೊಡಿಸಿ ಕೇಳಿದವರಿದ್ದರು, ಯಾರಿಗೂ ಹೇಳುವುದಿಲ್ಲವೆಂದು ತಮ್ಮ ಮಗುವಿನ ಮೇಲೆ ಆಣೆ ಹಾಕಿ ಕೇಳಿದವರಿದ್ದರು. ಹೆರಿಗೆ ಆಸ್ಪತ್ರೆಯ ನರ್ಸಮ್ಮ ಸ್ಕೂಟರ್ ನಿಲ್ಲಿಸಿದವರೇ ಮೊದಲು ಇವಳ ಕೈ ನೋಡುತ್ತಿದ್ದರು. ಸಂಜೆ ಕೈ ಒದ್ದೆಯಾಗಿದ್ದರೆ ತಗಡು ತೊಳೆದಿದ್ದಾಳೆ, ನಾಳೆ ಬೆಲೆ ಬದಲಾಗುತ್ತದೆ ಎಂಬುದು ನರ್ಸಮ್ಮನ ಶೋಧ. ಇದು ಕಿವಿಗೆ ಬಿದ್ದ ಮೇಲೆ ತಗಡಕ್ಕ ಬೆಲೆ ಬದಲಾಗದ ದಿನವೂ ಕೈ ತೊಳೆದುಕೊಂಡೇ ಹೊರಗೆ ಬರತೊಡಗಿದಳು.

ತಮ್ಮನಿಗೂ ಹೇಳಿದವಳಲ್ಲ. ಅವನದು ಬಾಡಿಗೆ ಸಾಮಾನು ಹೊರುವ ವ್ಯಾನು. ಅಕ್ಕ ತಮ್ಮಂದಿರ ಮನೆ ಒಂದೇ ಗೋಡೆಯ ಆಚೀಚೆ. ಆ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ತಮ್ಮನ ಹೆಂಡತಿ ಬೆಳಗ್ಗೆ ಐದಕ್ಕೆ ಆ ಕಿಟಕಿಯಲ್ಲಿ ಚಹಾದ ಲೋಟ ಇಡುತ್ತಿದ್ದಳು, ತಗಡಕ್ಕ ಕುಡಿದು ಖಾಲಿ ಲೋಟವನ್ನು ಅಲ್ಲೇ ಇಟ್ಟು ಹೋಗುತ್ತಿದ್ದಳು. ಎಷ್ಟೋ ಸಲ ಬೆಲೆ ಏರುವ ಹಿಂದಿನ ದಿನ ತಮ್ಮ ಖಾಲಿ ಟ್ಯಾಂಕಿನಲ್ಲಿ ಮನೆಗೆ ಬಂದದ್ದನ್ನು, ಇಳಿಯುವ ಹಿಂದಿನ ದಿನ ಕಂಠಪೂರ್ತಿ ತುಂಬಿಸಿದ್ದನ್ನು ಅವಳು ಕಣ್ಣಾರೆ ನೋಡಿ ಅನ್ನ ನುಂಗಿದ್ದಾಳೆ. ಅವನೂ ಒಂದು ದಿನ ಕೆದಕಿದವನಲ್ಲ. ನಮ್ಮಕ್ಕನ ಬಾಯಿಗೆ ಬೀಗ ಹಾಕಿ ಕೀಲಿಯನ್ನ ಆ ಟ್ಯಾಂಕಿಗೇ ಎಸೆದಿದ್ದಾರೆ ಎಂದು ವ್ಯಾನ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಹೆಮ್ಮೆಪಡುತ್ತಿದ್ದ.

ದೊಡ್ಡ ಮಾಲೀಕರು ತೀರಿಕೊಂಡು ಮೂರು ವರ್ಷವಾಗಿತ್ತು. ಈಗಿನವನು ಅವರ ಮಗ, ಚಿಕ್ಕ ಮಾಲೀಕ. ಇವಳು ಕೆಲಸಕ್ಕೆ ಸೇರಿದಾಗ ಅವನಿಗೆ ಆರು ವರ್ಷ. ಶಾಲೆ ಬಿಟ್ಟವನು ಬಂಕಿಗೆ ಬಂದು ಅವಳ ಪೆಟ್ಟಿಗೆಯ ಪಕ್ಕ ಕೂರುತ್ತಿದ್ದ. ಅಂಕಿ ಕಲಿತದ್ದೇ ಆ ತಗಡುಗಳಲ್ಲಿ. ಎಂಟನ್ನು ಎರಡು ಬಳೆ ಎನ್ನುತ್ತಿದ್ದ, ನಾಲ್ಕನ್ನು ಮುರಿದ ಕುರ್ಚಿ ಎನ್ನುತ್ತಿದ್ದ. ಅವಳು ಬೆರಳು ಹಿಡಿದು ತಿದ್ದಿಸುತ್ತಿದ್ದಳು. ದೊಡ್ಡವನಾಗಿ ಗಾಜಿನ ಕೋಣೆಯಲ್ಲಿ ಕುಳಿತ ಮೇಲೂ ಅವನು ಅವಳನ್ನು ಅಕ್ಕಾ ಎಂದೇ ಕರೆಯುತ್ತಿದ್ದ, ಅವಳು ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ಬೇರೆ ಕೆಲಸದವರಿಗೆ ಅದು ಹೊಟ್ಟೆಕಿಚ್ಚು.

ಆ ವರ್ಷ ಬೆಲೆ ಇಳಿಯತೊಡಗಿತು. ತೊಂಬತ್ತನಾಲ್ಕಿದ್ದದ್ದು ತೊಂಬತ್ತೆರಡಾಯಿತು, ಐದು ದಿನ ಬಿಟ್ಟು ತೊಂಬತ್ತಾಯಿತು, ಆಮೇಲೆ ಎಂಬತ್ತೇಳು. ಏಳು ವಾರದಲ್ಲಿ ಎಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ಇಪ್ಪತ್ತೊಂದು ವರ್ಷದಲ್ಲಿ ಇಷ್ಟು ದಿನ ಒಂದೇ ಸಮನೆ ಇಳಿದದ್ದನ್ನು ಅವಳು ಕಂಡಿರಲಿಲ್ಲ. ಬೆಳಗ್ಗೆ ಏಣಿ ಹತ್ತಿದಾಗ ಕೆಳಗೆ ನಿಂತವರು ಮುಖವೆತ್ತಿ ನೋಡುತ್ತಿದ್ದರು. ಸಣ್ಣ ಅಂಕಿ ನೇತಾಡಿದ ಕೂಡಲೇ ಯಾರೋ ಒಬ್ಬರು ಹಾರ್ನ್ ಬಾರಿಸುತ್ತಿದ್ದರು, ಬೆಲೆ ಇಳಿಸಿದ್ದು ಇವಳೇ ಏನೋ ಎಂಬಂತೆ.

ಬೆಲೆ ಇಳಿದಾಗ ಜನರ ಬದುಕೂ ಒಂದಿಷ್ಟು ಸಡಿಲವಾಯಿತು. ನರ್ಸಮ್ಮ ಊರಾಚೆ ಇದ್ದ ತಾಯಿಯನ್ನು ತಿಂಗಳಿಗೊಮ್ಮೆ ನೋಡುತ್ತಿದ್ದವರು ವಾರಕ್ಕೊಮ್ಮೆ ಹೋಗತೊಡಗಿದರು. ಮೇಷ್ಟ್ರು ಕಲಿಯುವವರಿಗೆ ಒಂದು ಸುತ್ತು ಹೆಚ್ಚಿಗೆ ಹೊಡೆಸಿ, ಇದು ಪುಕ್ಕಟೆ, ಗುದ್ದುವುದಿದ್ದರೆ ಇವತ್ತೇ ಗುದ್ದಿಬಿಡಿ ಅನ್ನುತ್ತಿದ್ದರು. ಅವಳ ತಮ್ಮ ಧೈರ್ಯ ಮಾಡಿ ದೊಡ್ಡದೊಂದು ಗುತ್ತಿಗೆ ಹಿಡಿದ. ಮುಚ್ಚಿಹೋದ ಒಂದು ಮುದ್ರಣಾಲಯದ ಕಾಗದದ ಸುರುಳಿಗಳನ್ನು ಇನ್ನೊಂದು ಊರಿಗೆ ಸಾಗಿಸುವುದು, ಮೂವತ್ತು ಟ್ರಿಪ್ಪು, ಬಾಡಿಗೆ ಮೊದಲೇ ಗೊತ್ತುಮಾಡಿದ್ದು. ಎಪ್ಪತ್ತೊಂಬತ್ತರ ಲೆಕ್ಕದಲ್ಲಿ ಹಾಕಿದ ಬಾಡಿಗೆ. ಬೆಲೆ ಹಾಗೇ ನಿಂತರೆ ವ್ಯಾನಿನ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸಬಹುದಿತ್ತು. ಏರಿದರೆ ಬಾಡಿಗೆಯೆಲ್ಲ ಟ್ಯಾಂಕಿಗೇ ಹೋಗುತ್ತಿತ್ತು.

ಹಾಗಾಗಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇದು ಎಷ್ಟು ದಿನ? ಒಬ್ಬರು ವರ್ಷವೆಂದರು, ಒಬ್ಬರು ತಿಂಗಳೆಂದರು. ಎಣ್ಣೆ ಬಾವಿಗಳಿರುವ ದೇಶದವರು ತಮ್ಮೊಳಗೇ ಜಗಳಾಡಿಕೊಂಡು ಅಗ್ಗಕ್ಕೆ ಮಾರುತ್ತಿದ್ದಾರೆ, ರಾಜಿಯಾದ ದಿನ ನಮ್ಮ ಕತೆ ಮುಗಿಯಿತು ಎಂದು ಮೇಷ್ಟ್ರು ಪತ್ರಿಕೆ ಓದಿ ಹೇಳುತ್ತಿದ್ದರು. ಬೇರೆಯವರ ಮನೆಯ ಜಗಳ ಹೀಗೇ ಬೆಳೆಯಲಿ ಎಂದು ಹಾರೈಸುವ ಕಾಲ ಬಂತಲ್ಲ ಎಂದು ನರ್ಸಮ್ಮ ನಿಟ್ಟುಸಿರಿಡುತ್ತಿದ್ದರು. ಕೊನೆಗೆ ಎಲ್ಲರೂ ತಗಡಕ್ಕನ ಕಡೆ ತಿರುಗುತ್ತಿದ್ದರು, ಅವಳು ನನಗೇನು ಗೊತ್ತು ಎನ್ನುತ್ತಿದ್ದಳು.

ಬೆಲೆ ಇಳಿಯುವ ಕಾಲದಲ್ಲಿ ಬಂಕಿನವರು ಟ್ಯಾಂಕು ತುಂಬಿಸುವುದಿಲ್ಲ. ಇವತ್ತು ಹೆಚ್ಚಿಗೆ ಕೊಟ್ಟು ತಂದದ್ದನ್ನು ನಾಳೆ ಕಡಿಮೆಗೆ ಮಾರಬೇಕಾಗುತ್ತದಲ್ಲ. ಅರ್ಧ ಟ್ಯಾಂಕಿನಲ್ಲೇ ದಿನ ದೂಡುತ್ತಾರೆ. ಏರುವ ಸೂಚನೆ ಕಂಡಾಗ ಮಾತ್ರ ಮೂತಿಯವರೆಗೆ ತುಂಬಿಸುತ್ತಾರೆ. ದೊಡ್ಡ ಮಾಲೀಕರ ಕಾಲದಿಂದಲೂ ಹೀಗೇ. ಕೋಲು ಇಳಿಸುವ ತಗಡಕ್ಕನಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಆ ಏಳು ವಾರವೂ ಕೋಲು ನಡುವಿನ ಗೀರು ದಾಟಿರಲಿಲ್ಲ.

ಏಳನೆಯ ವಾರದ ಮಂಗಳವಾರ ಟ್ಯಾಂಕರ್ ಬಂತು. ಮಧ್ಯಾಹ್ನ ಇನ್ನೊಂದು ಬಂತು. ಬುಧವಾರ ಬೆಳಗ್ಗೆ ಅವಳು ಕೋಲು ಇಳಿಸಿದರೆ ಎರಡೂ ಟ್ಯಾಂಕು ಕಂಠಪೂರ್ತಿ. ಕೋಲನ್ನು ಒರೆಸಿ ಇನ್ನೊಮ್ಮೆ ಇಳಿಸಿದಳು, ಅದೇ ಗೀರು. ಗಾಜಿನ ಕೋಣೆಗೆ ಹೋಗಿ, ಇದೇನಪ್ಪಾ ಇಷ್ಟೊಂದು ಎಂದು ಕೇಳಿದಳು. ಕಂಪನಿಯವರು ಬಲವಂತ ಮಾಡಿ ಸುರಿದು ಹೋದರು, ಏನು ಮಾಡೋದು, ನಷ್ಟ ನನ್ನ ಹಣೆಬರಹ ಎಂದು ಚಿಕ್ಕ ಮಾಲೀಕ ತಲೆ ಮೇಲೆ ಕೈ ಹೊತ್ತ. ಅವಳು ಪಾಪ ಎಂದುಕೊಂಡು ಹೊರಗೆ ಬಂದಳು.

ಆ ದಿನ ಮಧ್ಯಾಹ್ನದ ರೇಡಿಯೋದಲ್ಲಿ ಬಾವಿಯವರು ಮಾತುಕತೆಗೆ ಕೂತಿದ್ದಾರೆ, ಬೆಲೆ ಏರಲೂಬಹುದು ಎಂದು ಬಂತು. ಏರಲೂಬಹುದು ಎಂದದ್ದು ಬಂಕಿಗೆ ಬರುವಷ್ಟರಲ್ಲಿ ಏರಿಯೇ ಬಿಟ್ಟಿತು ಎಂದಾಗಿತ್ತು. ಮೂರು ಗಂಟೆಗೆ ಸಾಲು ರಸ್ತೆ ತಿರುವಿನವರೆಗೆ ನಿಂತಿತು. ಕೈಯಲ್ಲಿ ಕ್ಯಾನು, ಡಬ್ಬ, ಏನು ಸಿಕ್ಕಿತೋ ಅದು. ಅವಳ ತಮ್ಮ ವ್ಯಾನಿನ ಬೆನ್ನಿಗೆ ಐವತ್ತು ಲೀಟರಿನ ನಾಲ್ಕು ಕ್ಯಾನು ಹೊತ್ತು ತಂದು ಸಾಲಿನಲ್ಲಿ ಹನ್ನೊಂದನೆಯವನಾಗಿ ನಿಂತಿದ್ದ. ಗುತ್ತಿಗೆಯ ಮೊದಲ ಹತ್ತು ಟ್ರಿಪ್ಪಿಗೆ ಅದು ಸಾಕಿತ್ತು.

ನಾಲ್ಕೂವರೆಗೆ ಚಿಕ್ಕ ಮಾಲೀಕ ಅವಳನ್ನು ಒಳಗೆ ಕರೆದ. ಕುರ್ಚಿ ಎಳೆದು ಕೂರಿಸಿದ, ತಾನೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಆ ಕುರ್ಚಿಯಲ್ಲಿ ಅವಳು ಅಲ್ಲಿಯವರೆಗೆ ಕೂತವಳಲ್ಲ, ಒರೆಸಿದವಳು.

"ಅಕ್ಕಾ, ಆರನ್ನ ತೊಳೆದಿಡು. ನಾಳೆ ಎಪ್ಪತ್ತಾರು."

ಹಾಗಾದರೆ ಇನ್ನೂ ಇಳಿಯಿತಾ ಎಂದಳು. ಅವನು ಗಾಜಿನಾಚೆ ಕೈ ತೋರಿಸಿದ.

"ನೋಡು, ಹೆದರ್ಕೊಂಡು ನಿಂತಿದ್ದಾರೆ ಪಾಪ. ಇವತ್ತು ತುಂಬಿಸ್ಕೊಂಡ್ರೆ ಲೀಟರ್‌ಗೆ ಮೂರು ಕಳ್ಕೋತಾರೆ. ನಾನು ಹೇಳಿದ್ರೆ ವ್ಯಾಪಾರದ ಮಾತು ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ. ಇದೊಂದ್ಸಲ ಹೇಳ್ಬಿಡಕ್ಕ."

ಅವಳು ಲೋಟ ಕೆಳಗಿಟ್ಟಳು. "ದೊಡ್ಡೋರು ಹೇಳ್ಬೇಡ ಅಂದಿದ್ರಲ್ಲೋ."

"ಅಪ್ಪ ಇದ್ದಿದ್ರೆ ಅವರೂ ಹೇಳು ಅಂತಿದ್ರು. ಹೊರಗೆ ನಿನ್ನ ತಮ್ಮನೂ ನಿಂತಿದ್ದಾನೆ."

ಅವಳು ಹಿಂದಿನ ಕೋಣೆಗೆ ಹೋಗಿ ಆರರ ತಗಡು ತೆಗೆದು ತೊಳೆದಳು. ಅವತ್ತು ಅವಳ ಮನಸ್ಸು ಎಷ್ಟು ಹಗುರವಾಗಿತ್ತೆಂದರೆ, ಕೈ ಒರೆಸಿಕೊಳ್ಳುವುದನ್ನೂ ಮರೆತು ನೀರು ತೊಟ್ಟಿಕ್ಕಿಸುತ್ತಲೇ ಹೊರಗೆ ಬಂದಳು. ಇಪ್ಪತ್ತೊಂದು ವರ್ಷ ಎಲ್ಲರಿಂದ ಬಚ್ಚಿಟ್ಟು ಬಚ್ಚಿಟ್ಟು ಅವಳೊಳಗೆ ಏನೋ ಒಂದು ಗಂಟು ಕಟ್ಟಿಕೊಂಡಿತ್ತು. ಅದನ್ನು ಬಿಚ್ಚಿಬಿಡು ಎಂದು ಹೇಳುವವರೊಬ್ಬರು ಬೇಕಿತ್ತು, ಅಷ್ಟೇ.

ಮೊದಲು ಸಿಕ್ಕವರು ನರ್ಸಮ್ಮ. ಇವಳು ಅವರ ಕಿವಿಯ ಹತ್ತಿರ ಬಾಗಿ, ಇವತ್ತು ಬೇಡಮ್ಮಾ, ನಾಳೆ ಬನ್ನಿ, ಮೂರು ಇಳಿಯುತ್ತೆ ಅಂದಳು. ನರ್ಸಮ್ಮ ಅವಳ ಕೈಯನ್ನೂ ಮುಖವನ್ನೂ ನೋಡಿದರು, ಸ್ಕೂಟರ್ ತಿರುಗಿಸಿದರು. ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟುಕೊಂಡು, ಕಂಬ ಮಾತಾಡಿತು, ಇನ್ನೇನು ಕಾರೂ ತಾನೇ ಕಲಿಯುತ್ತೆ ಎಂದರು, ನಗುತ್ತಲೇ ಹೊರಟರು. ತಮ್ಮನ ಹತ್ತಿರ ಹೋಗಿ ಹೇಳಿದಾಗ ಅವನು ವ್ಯಾನಿನಿಂದ ಇಳಿದೇ ಬಿಟ್ಟ.

"ಅಕ್ಕಾ, ನೀನೇ ಹೇಳ್ತಾ ಇದೀಯಾ?"

"ನಾನೇ ಹೇಳ್ತಿರೋದು ಕಣೋ. ಕ್ಯಾನು ಖಾಲಿನೇ ತಗೊಂಡೋಗು."

ಅವನು ತಾನು ಹೋದದ್ದಷ್ಟೇ ಅಲ್ಲ. ಸ್ಟ್ಯಾಂಡಿನ ಡ್ರೈವರುಗಳು ಎಂಟು ಜನ ಅವನ ಹಿಂದೆ ನಿಂತಿದ್ದರು. ಒಬ್ಬೊಬ್ಬರ ಕಿಟಕಿಗೂ ಹೋಗಿ, ನಮ್ಮಕ್ಕ ಬಾಯಿ ಬಿಟ್ಟಿದ್ದಾಳೆ, ಜನ್ಮದಲ್ಲಿ ಮೊದಲನೇ ಸಲ, ಮನೆಗೆ ನಡೀರಿ ಎಂದು ತಾನೇ ಜವಾಬ್ದಾರಿ ಹೊತ್ತು ಎಬ್ಬಿಸಿಕೊಂಡು ಹೋದ. ಅರ್ಧ ಗಂಟೆಯೊಳಗೆ ಸಾಲು ಕರಗಿತು. ಪೈಪು ಹಿಡಿಯುವವರು ಸ್ಟೂಲಿನ ಮೇಲೆ ಕೂತು ಕಾಲಾಡಿಸತೊಡಗಿದರು.

ಏಳಕ್ಕೆ ಬಂಕು ಮುಚ್ಚುವಾಗ ಅವಳು ವಾಡಿಕೆಯಂತೆ ಪೆಟ್ಟಿಗೆ ತೆರೆದು ಎಣಿಸಿದಳು. ಹದಿನೆಂಟರಲ್ಲಿ ಆರನ್ನು ಹೊರಗಿಟ್ಟಿದ್ದಾಯಿತು, ಹದಿನೇಳಿರಬೇಕು. ಹದಿನೈದಿತ್ತು. ಜೋಡಿ ಜೋಡಿಯಾಗಿ ನೆಲದ ಮೇಲೆ ಹರಡಿದಳು. ಎಂಟೊಂದು ಇಲ್ಲ, ಐದೊಂದು ಇಲ್ಲ. ಕೋಣೆಗೆ ಬೀಗ ಹಾಕುತ್ತಿದ್ದ ಚಿಕ್ಕ ಮಾಲೀಕನನ್ನು ಕೇಳಿದಳು. ಬಣ್ಣ ಎದ್ದಿತ್ತಲ್ಲ, ಪೇಂಟರಿಗೆ ಕೊಟ್ಟಿದ್ದೇನೆ ಎಂದ. ಎಂಟರ ಬಣ್ಣ ಎದ್ದದ್ದು ನಿಜ. ಐದರ ಬಣ್ಣ ಚೆನ್ನಾಗಿಯೇ ಇತ್ತು. ಈ ಮಾತು ಅವಳ ನಾಲಿಗೆ ತುದಿಯವರೆಗೆ ಬಂತು, ಆಡಲಿಲ್ಲ. ಅವತ್ತು ತನ್ನನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟವನನ್ನು ಒಂದು ತಗಡಿಗಾಗಿ ಪಾಟೀಸವಾಲು ಮಾಡುವುದೇ ಎಂದು ಪೆಟ್ಟಿಗೆ ಮುಚ್ಚಿದಳು.

ಗುರುವಾರ ಬೆಳಗ್ಗೆ ಕಿಟಕಿಯಲ್ಲಿ ಚಹಾದ ಜೊತೆ ಎರಡು ಬಿಸ್ಕತ್ತು ಇತ್ತು. ತಿಂದು ಬಂಕಿಗೆ ಬಂದರೆ ಇನ್ನೂ ಆರಾಗಲು ಕಾಲು ಗಂಟೆಯಿದೆ, ಗಾಜಿನ ಕೋಣೆಯಲ್ಲಿ ದೀಪ. ಎಂಟಕ್ಕೆ ಮುಂಚೆ ಬಂದವನಲ್ಲ ಚಿಕ್ಕ ಮಾಲೀಕ. ಮೇಜಿನ ಮೇಲೆ ಪತ್ರಿಕೆ ಹಾಸಿ, ಅದರ ಮೇಲೆ ಎಂಟು ಮತ್ತು ಐದು.

ಬೆಲೆ ಬದಲಾಯಿತು ಎಂದು ಅವನು ಅವಳ ಮುಖ ನೋಡದೆ ಹೇಳಿದ. ರಾತ್ರೋರಾತ್ರಿ ಬಾವಿಯವರು ರಾಜಿಯಾದರಂತೆ, ಕಂಪನಿಯವರು ಬೆಳಗಿನ ಜಾವ ಫೋನ್ ಮಾಡಿದರಂತೆ. ಎಂಬತ್ತೈದು.

ಅವಳು ತಗಡು ಎತ್ತಿಕೊಂಡಳು. ಈ ಎಂಟನ್ನು ಏಳು ವಾರದಿಂದ ಯಾರೂ ಮುಟ್ಟಿರಲಿಲ್ಲ. ಎಂಬತ್ತೊಂದು ಇಳಿದ ದಿನ ಅವಳೇ ಪೆಟ್ಟಿಗೆಗೆ ಹಾಕಿದ್ದ ಎಂಟು ಇದಲ್ಲ, ಇದು ಅದರ ಜೋಡಿ, ತಳದಲ್ಲಿ ಬಿದ್ದಿದ್ದು. ತಳದ ತಗಡುಗಳ ಮೇಲೆ ಬೆರಳಲ್ಲಿ ಗೀಚಬಹುದಾದಷ್ಟು ಧೂಳಿರುತ್ತದೆ. ಇದು ಫಳಫಳ ಹೊಳೆಯುತ್ತಿತ್ತು. ಒಂದು ಮೂಲೆಯಲ್ಲಿ ಎದ್ದ ಬಣ್ಣ ಎದ್ದಂತೆಯೇ ಇತ್ತು. ಪೇಂಟರಿನ ಕುಂಚ ಅದನ್ನು ಸೋಕಿರಲಿಲ್ಲ.

ಅವಳು ಏಣಿ ಹತ್ತಿದಳು. ಅದು ಅವಳ ಕೆಲಸ. ಏಳು ಇಳಿಸಿ ಎಂಟು, ಒಂಬತ್ತು ಇಳಿಸಿ ಐದು. ಇಳಿಯಲು ತಿರುಗಿದಾಗ ಕೆಳಗೆ ಸಾಲು ನಿಂತಿತ್ತು, ಅವಳು ಕರೆದಿದ್ದ ಸಾಲು. ಆ ದಿನ ಯಾರೂ ಹಾರ್ನ್ ಬಾರಿಸಲಿಲ್ಲ.

ನರ್ಸಮ್ಮ ಎರಡು ಲೀಟರ್ ಹಾಕಿಸಿಕೊಂಡರು. ಅವಳ ಕೈಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಮೇಷ್ಟ್ರು ಕಾರಿನಿಂದ ಇಳಿಯದೆಯೇ, ಟೋಪಿ ಚೆನ್ನಾಗಿ ಹಾಕಿದೆ ತಗಡಕ್ಕ, ತಲೆ ಅಳತೆ ತಗೊಂಡೇ ಹೊಲಿದಿದ್ದೀಯ ಎಂದರು. ಅವರ ಜೋಕಿಗೆ ಯಾವಾಗಲೂ ಮೊದಲು ನಗುತ್ತಿದ್ದವರು ಅವರೇ. ಅವತ್ತು ಅವರೂ ನಗಲಿಲ್ಲ.

ಅವಳ ತಮ್ಮ ಸಾಲಿನಲ್ಲಿ ಇರಲಿಲ್ಲ. ವ್ಯಾನನ್ನು ರಸ್ತೆಯಾಚೆ ನಿಲ್ಲಿಸಿ ನಡೆದು ಬಂದ. ಅವನ ಹಿಂದೆ ಸ್ಟ್ಯಾಂಡಿನ ಎಂಟು ಜನರೂ ನೋಡುತ್ತಾ ನಿಂತಿದ್ದರು. ಅವರ ಮುಂದೆ ಅವನು ಏನಾದರೂ ಅನ್ನಲೇಬೇಕಿತ್ತು.

"ಇಪ್ಪತ್ತೊಂದು ವರ್ಷ ಬಾಯಿ ಮುಚ್ಕೊಂಡಿದ್ದೋಳು, ನನ್ನ ಸರದಿ ಬಂದಾಗ್ಲೇ ಬಿಡ್ಬೇಕಿತ್ತಾ?"

ಅವಳು ನನಗೂ ಗೊತ್ತಿರಲಿಲ್ಲ ಕಣೋ ಎಂದಳು. ಆ ಮಾತು ಬಾಯಿಂದ ಹೊರಟ ಮೇಲೆಯೇ ಅವಳಿಗೆ ತಿಳಿದದ್ದು, ಇದು ತಾನು ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತಾ ಬಂದ ಅದೇ ಮಾತು, ಇದನ್ನು ಯಾರೂ ನಂಬುವುದಿಲ್ಲವೆಂದು. ಅವರ ಕಡೆಯವಳೇ ನೀನು, ಸಂಬಳ ಕೊಡೋರು ಅವರು ತಾನೇ ಎಂದು ತಮ್ಮ ಹೊರಟುಹೋದ.

ಜನ ಕರಗಿದ ಮೇಲೆ ಅವಳು ಕೋಲು ಇಳಿಸಿದಳು. ಎರಡೂ ಟ್ಯಾಂಕು ಹೆಚ್ಚುಕಡಿಮೆ ಕಂಠಪೂರ್ತಿ. ಹಿಂದಿನ ದಿನ ಆ ಸಾಲು ಹಾಗೇ ನಿಂತು ತುಂಬಿಸಿಕೊಂಡಿದ್ದರೆ ಅರ್ಧ ಟ್ಯಾಂಕು ಎಪ್ಪತ್ತೊಂಬತ್ತಕ್ಕೇ ಹೋಗಿಬಿಡುತ್ತಿತ್ತು. ಬಂಕು ಮುಚ್ಚಲು ಬರುವುದಿಲ್ಲ, ಎಣ್ಣೆಯಿಲ್ಲ ಎನ್ನಲು ಬರುವುದಿಲ್ಲ. ತಪಾಸಣೆಯವರು ಬಂದು ಕೋಲು ಇಳಿಸಿದರೆ ಸಿಕ್ಕಿಬೀಳುತ್ತಾರೆ. ಜನರನ್ನು ತಾವಾಗಿಯೇ ಮನೆಗೆ ಹೋಗುವಂತೆ ಮಾಡಲು ಇದ್ದದ್ದು ಒಂದೇ ದಾರಿ. ಇಪ್ಪತ್ತೊಂದು ವರ್ಷ ಅವಳು ಕೂಡಿಟ್ಟ ಮೌನವನ್ನು ಅವನು ಒಂದು ಸಂಜೆಯಲ್ಲಿ ಖರ್ಚು ಮಾಡಿಬಿಟ್ಟಿದ್ದ. ಅದೂ ಅವಳ ಕೈಯಿಂದಲೇ.

ಒದ್ದೆ ಕೋಲನ್ನು ಹಿಡಿದುಕೊಂಡೇ ಗಾಜಿನ ಕೋಣೆಗೆ ಹೋದಳು. ಕೂಗಾಡಲಿಲ್ಲ.

"ಆ ಎಂಟನ್ನ ನೀನು ಬುಧವಾರಾನೇ ತೆಗೆದಿದ್ದೆ. ಒರೆಸಿಟ್ಟಿದ್ದೆ. ಬೆಳಗಿನ ಜಾವ ಫೋನ್ ಬಂದಿದ್ರೆ ಸಾಯಂಕಾಲ ಏಳಕ್ಕೆ ನನ್ನ ಪೆಟ್ಟಿಗೇಲಿ ಎರಡು ಹೇಗೋ ಕಮ್ಮಿಯಾಯ್ತು?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ತಾನು ದೊಡ್ಡ ತಪ್ಪು ಮಾಡಿದ್ದೇನೆಂಬ ಭಾವ ಆ ಮುಖದಲ್ಲಿ ಇರಲಿಲ್ಲ. ಸಿಕ್ಕಿಬಿದ್ದ ಮುಜುಗರವಿತ್ತು, ಅಷ್ಟೇ. ಏಳು ವಾರ ನಾನು ಕಳೆದುಕೊಂಡದ್ದನ್ನು ಯಾರು ಕೇಳಿದರು, ಇವರೆಲ್ಲ ಹಾರ್ನ್ ಬಾರಿಸಿ ಕುಣಿಯುವಾಗ ನನ್ನ ಟ್ಯಾಂಕಿನಲ್ಲಿ ದಿನಾ ದುಡ್ಡು ಆವಿಯಾಗುತ್ತಿತ್ತು ಎಂದ. ಆಮೇಲೆ ಮೆತ್ತಗೆ, "ನಿನಗೆ ಅಂಕಿ ಗೊತ್ತಕ್ಕ, ವ್ಯಾಪಾರ ಗೊತ್ತಿಲ್ಲ" ಎಂದ.

ಅಂಕಿ ನಿನಗೆ ಹೇಳಿಕೊಟ್ಟವಳೂ ನಾನೇ ಎನ್ನಬೇಕೆನಿಸಿತು. ಎರಡು ಬಳೆ, ಮುರಿದ ಕುರ್ಚಿ ಎಲ್ಲ ನೆನಪಿಗೆ ಬಂತು. ಹೊರಗೆ ಹೋಗಿ ಕೋಲು ಒರೆಸಿ ನೇತುಹಾಕಿದಳು. ತೊಳೆದಿಟ್ಟಿದ್ದ ಆರು ಇನ್ನೂ ಬಟ್ಟೆಯ ಮೇಲೆಯೇ ಇತ್ತು. ಅದನ್ನು ಪೆಟ್ಟಿಗೆಗೆ ಹಾಕಿದಳು.

ಶುಕ್ರವಾರ ಬೆಳಗ್ಗೆ ಗೋಡೆಯ ಕಿಟಕಿ ಮುಚ್ಚಿತ್ತು. ಆಚೆ ಬದಿ ಚಹಾ ಕುದಿಯುವ ವಾಸನೆ ಬರುತ್ತಿತ್ತು, ಲೋಟದ ಸದ್ದು ಕೇಳುತ್ತಿತ್ತು. ಅವಳು ಸ್ವಲ್ಪ ಹೊತ್ತು ಕಾದು ತನ್ನ ಒಲೆ ಹಚ್ಚಿದಳು. ಇಪ್ಪತ್ತೊಂದು ವರ್ಷದ ಮೇಲೆ ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕೆಂಬ ಅಂದಾಜೇ ತಪ್ಪಿಹೋಗಿತ್ತು.

ಮುಂದಿನ ಮಂಗಳವಾರ ಸಂಜೆ ಚಿಕ್ಕ ಮಾಲೀಕ ಕೋಣೆಯ ಬಾಗಿಲಿನಿಂದಲೇ ಹೇಳಿದ, ಎಂಬತ್ತೆಂಟು, ಇನ್ನೊಂದು ಎಂಟು ತೊಳೆದಿಡು ಎಂದು. ಅವಳು ಪೆಟ್ಟಿಗೆಯಿಂದ ಎಂಟನ್ನು ತೆಗೆದಳು. ಹಿಂದಿನ ಕೋಣೆಗೆ ಹೋಗಲಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿಸಿ, ಚಕ್ರಕ್ಕೆ ಗಾಳಿ ಹಾಕುವ ಯಂತ್ರದ ಪಕ್ಕ, ಎಲ್ಲ ಗಾಡಿಗಳೂ ಹಾದುಹೋಗುವ ಜಾಗದಲ್ಲಿ ಇಟ್ಟುಕೊಂಡು ಕೂತಳು. ತಗಡಿಗೆ ಸಾಬೂನು ಹಚ್ಚಿ, ಉಜ್ಜಿ, ತೊಳೆದು, ಅಂಕಿ ರಸ್ತೆಗೆ ಕಾಣುವಂತೆ ಗೋಡೆಗೆ ಒರಗಿಸಿದಳು. ಒಂದು ಮಾತೂ ಆಡಲಿಲ್ಲ. ದೊಡ್ಡ ಮಾಲೀಕರಿಗೆ ಕೊಟ್ಟ ಮಾತೂ ಉಳಿಯಲಿ, ಇವರಿಗೂ ನಿಜ ತಿಳಿಯಲಿ ಎಂದು ನಾಲ್ಕು ದಿನ ಯೋಚಿಸಿ ಹಾಗೆ ಗೊತ್ತು ಮಾಡಿಕೊಂಡಿದ್ದಳು. ಎಂಬತ್ತೈದರ ಮುಂದೆ ಎಂಟು ತೊಳೆದಿದ್ದಾಳೆಂದರೆ ನಾಳೆ ಏರುತ್ತದೆ ಎಂದು ಎಂಥವರಿಗೂ ತಿಳಿಯಬೇಕಿತ್ತು.

ಎಲ್ಲರೂ ನೋಡಿದರು. ಮೇಷ್ಟ್ರು ಕಾರು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಹೋದ ಸಲ ಇಳಿಯುತ್ತೆ ಅಂದಳು ಏರಿತು, ಈ ಸಲ ಏರುತ್ತೆ ಅಂತ ತೋರಿಸುತ್ತಿದ್ದಾಳೆ, ನಾಳೆ ಇಳಿಯೋದು ಗ್ಯಾರಂಟಿ ಎಂದು ಪಕ್ಕದವರಿಗೆ ಹೇಳಿ, ತುಂಬಿಸದೆ ಹೊರಟರು. ಅವರನ್ನು ನೋಡಿ ಇನ್ನಿಬ್ಬರು ಹೊರಟರು. ನರ್ಸಮ್ಮ ದೂರದಿಂದಲೇ ತಗಡು ನೋಡಿ, ಸ್ಕೂಟರ್ ನಿಧಾನ ಮಾಡಿ, ಮತ್ತೆ ಜೋರು ಮಾಡಿಕೊಂಡು ಹೋದರು. ತಮ್ಮನ ವ್ಯಾನು ಬಂತು. ಅವನು ತಗಡು ನೋಡಿದ, ಅಕ್ಕನನ್ನು ನೋಡಿದ. ಅವಳು ಇನ್ನೊಮ್ಮೆ ತಗಡಿನ ಮೇಲೆ ಬಟ್ಟೆಯಾಡಿಸಿ ಅವನ ಕಡೆ ತುಸು ತಿರುಗಿಸಿದಳು. ವ್ಯಾನು ನಿಲ್ಲಲಿಲ್ಲ.

ಇಷ್ಟರಲ್ಲಿ ಚಿಕ್ಕ ಮಾಲೀಕ ಹೊರಗೆ ಬಂದಿದ್ದ. ಬೈಯುತ್ತಾನೆ, ಕೆಲಸ ಬಿಡು ಎನ್ನುತ್ತಾನೆ ಎಂದು ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಅವನು ಖಾಲಿಯಾದ ಸಾಲನ್ನು ನೋಡಿದ, ಗೋಡೆಗೆ ಒರಗಿದ ಎಂಟನ್ನು ನೋಡಿದ. ಮುಖ ಅರಳಿತು.

"ಇನ್ಮೇಲೆ ಇಲ್ಲೇ ತೊಳಿ ಅಕ್ಕಾ, ಪರವಾಗಿಲ್ಲ. ಗಾಳಿಗೆ ಬೇಗ ಒಣಗುತ್ತೆ."

ಬುಧವಾರ ಬೆಳಗ್ಗೆ ಅವಳು ಏಣಿಯ ಮೇಲಿದ್ದಾಗ ವ್ಯಾನು ಬಂದು ಕಂಬದ ಕೆಳಗೆ ನಿಂತಿತು. ತಮ್ಮ ಇಳಿದು ಕತ್ತೆತ್ತಿ ಎಂಬತ್ತೆಂಟನ್ನು ನೋಡಿದ. ಅವಳು ಇಳಿಯುವವರೆಗೆ ಏಣಿಯ ಬುಡ ಹಿಡಿದುಕೊಂಡ. ಅದು ಅವನ ಹಳೆಯ ಅಭ್ಯಾಸ.

"ನಿನ್ನೆ ನೀನು ನಿಜಾನೇ ತೋರಿಸಿದ್ದೆ."

"ಹೂಂ."

"ಮತ್ತೆ ಅವತ್ತು?"

"ಅವತ್ತೂ ನಾನು ಸುಳ್ಳು ಹೇಳ್ಲಿಲ್ಲ ಕಣೋ. ನನಗೆ ಹೇಳಿದ್ದೇ ಸುಳ್ಳು."

ಅವನು ಏಣಿ ಬಿಟ್ಟ. ಅವನ ಕಣ್ಣಲ್ಲಿ ಅವತ್ತಿನ ಸಿಟ್ಟು ಇರಲಿಲ್ಲ. ಇವಳು ಕಾದದ್ದೂ ಅದಕ್ಕೇ. ಆದರೆ ಸಿಟ್ಟು ಹೋದ ಜಾಗಕ್ಕೆ ಹಳೆಯ ಹೆಮ್ಮೆ ಬಂದಿರಲಿಲ್ಲ; ಅಲ್ಲಿ ಏನೂ ಇರಲಿಲ್ಲ.

"ಎರಡರಲ್ಲೂ ನಷ್ಟ ಆಗಿದ್ದು ನನಗೇ ಅಕ್ಕ. ಇನ್ನು ನೀನು ಹೇಳೋದೂ ಬೇಡ, ತೋರಿಸೋದೂ ಬೇಡ."

ಅವನು ಒಂದು ಕ್ಯಾನು ತುಂಬಿಸಿಕೊಂಡು ಕೆಲಸಕ್ಕೆ ಹೋದ. ಗುತ್ತಿಗೆಯ ಮೂವತ್ತು ಟ್ರಿಪ್ಪನ್ನೂ ಮಾತು ತಪ್ಪದೆ ಹೊಡೆದ. ಎಂಜಿನ್ ಮಾತ್ರ ಹಳೆಯದೇ ಉಳಿಯಿತು.

ಅದೇ ದಿನ ಸಂಜೆ ಅವಳು ಮರದ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಚಿಕ್ಕ ಮಾಲೀಕನ ಮೇಜಿನ ಮೇಲಿಟ್ಟಳು. ಎಣಿಸಿಕೋ ಎಂದಳು. ಅವನು, ಇದೆಲ್ಲ ಏನಕ್ಕಾ, ಕೂತ್ಕೋ ಎಂದು ಕುರ್ಚಿ ಎಳೆದ. ಅವಳು ಕೂರಲಿಲ್ಲ. ತಾನೇ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸಿದಳು, ಸೊನ್ನೆ ಎರಡು, ಒಂದು ಎರಡು, ಹೀಗೆ ಒಂಬತ್ತರವರೆಗೆ. ಹದಿನೆಂಟು ಇಲ್ಲಿ, ಎಂಟೂ ಎಂಟೂ ಹಲಗೆಯ ಮೇಲೆ. ಒಟ್ಟು ಇಪ್ಪತ್ತು. ನಿಮ್ಮಪ್ಪ ಕೊಟ್ಟಾಗ ಇಷ್ಟೇ ಇತ್ತು ಎಂದು ಹೇಳಿ, ಕೈಬಟ್ಟೆಯನ್ನೂ ಮಡಚಿ ಅದರ ಪಕ್ಕ ಇಟ್ಟು ಬಂದಳು.

ಈಗ ಅವಳು ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬಂದ ಬಟ್ಟೆಗೆ ನಂಬರಿನ ಚೀಟಿ ಚುಚ್ಚುವುದು, ಕಲೆಗಳ ಮೇಲೆ ದ್ರಾವಣ ಹಚ್ಚುವುದು. ಒಂದು ಬಟ್ಟೆಯೂ ಅದಲುಬದಲಾಗಿಲ್ಲ. ಬಂಕಿನಲ್ಲಿ ತಗಡಿನ ಹಲಗೆ ಹೋಗಿ ದೀಪದ ಹಲಗೆ ಬಂದಿದೆ. ಅಂಕಿ ತಾನೇ ಬದಲಾಗುತ್ತದೆ, ಯಾರೂ ಏಣಿ ಹತ್ತುವುದಿಲ್ಲ. ಗೋಡೆಯ ಕಿಟಕಿ ತೆರೆಯುತ್ತದೆ, ಚಹಾವೂ ಬರುತ್ತದೆ. ತಮ್ಮನ ಹೆಂಡತಿ ಮೊದಲು ಲೋಟ ಇಟ್ಟು ಎರಡು ಮಾತಾಡುತ್ತಿದ್ದಳು, ಈಗ ಇಟ್ಟು ಹೋಗುತ್ತಾಳೆ.

ಬೆಲೆ ಮತ್ತೆ ಇಳಿಯತೊಡಗಿದಾಗ ಒಂದು ಸಂಜೆ ನರ್ಸಮ್ಮ ಕೋಟು ತಂದುಕೊಟ್ಟರು. ಚೀಟಿ ಬರೆಸಿಕೊಂಡ ಮೇಲೂ ಹೋಗದೆ ನಿಂತರು. ತಾಯಿಗೆ ಹುಷಾರಿಲ್ಲ, ದಿನಾ ಹೋಗಿಬರಬೇಕಾಗಿದೆ, ಈ ಇಳಿಕೆ ನಿಲ್ಲುತ್ತಾ, ಇವತ್ತು ಹಾಕಿಸಿಕೊಳ್ಳಲೋ ನಾಳೆವರೆಗೆ ಕಾಯಲೋ ಎಂದು ದನಿ ತಗ್ಗಿಸಿ ಕೇಳಿದರು.

"ನನಗೇನು ಗೊತ್ತಮ್ಮಾ" ಎಂದಳು ತಗಡಕ್ಕ.

ನಾಳೆಯ ಬೆಲೆ ಕೇಳಿದವರಿಗೆ ಆ ಮಾತನ್ನು ಅವಳು ನಿಜವಾಗಿ ಹೇಳಿದ್ದು ಅದೇ ಮೊದಲು. ನರ್ಸಮ್ಮ ಹಳೆಯ ಕಾಲದಂತೆ ಅವಳ ಕೈ ನೋಡಿದರು. ಕಲೆ ತೆಗೆಯುವ ಕೆಲಸದಲ್ಲಿ ಕೈ ಒದ್ದೆಯಿತ್ತು, ಬೆರಳ ತುದಿಯಿಂದ ನೀರು ಇಳಿಯುತ್ತಿತ್ತು. ಗೊತ್ತಾಯಿತು ಎಂಬಂತೆ ತಲೆಯಾಡಿಸಿ ನಕ್ಕರು. ಇದು ಆ ನೀರಲ್ಲಮ್ಮಾ ಎಂದು ಹೇಳಲು ತಗಡಕ್ಕ ಕೌಂಟರ್ ಸುತ್ತಿ ಬರುವಷ್ಟರಲ್ಲಿ ಅವರು ಸ್ಕೂಟರ್ ಹತ್ತಿದ್ದರು. ತಿರುವಿನಲ್ಲಿ ಬಂಕಿನ ಕಡೆಗೆ ತಿರುಗಿದರೋ ಮನೆಯ ಕಡೆಗೋ, ಅಲ್ಲಿಂದ ಕಾಣುತ್ತಿರಲಿಲ್ಲ. ಅವಳು ಕೈ ಒರೆಸಿಕೊಂಡು ಒಳಗೆ ಬಂದು, ಕೋಟಿಗೆ ನಂಬರು ಚುಚ್ಚಿದಳು.